ಜುಮ್ ಅನ್ನುತ್ತಿದ್ದ ನಲ್ಲಿ

ಬೆಳಿಗ್ಗೆ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ ಗೋಡೆಯ ಪ್ಲಗ್ಗಿನಿಂದ ಸುಟ್ಟ ವಾಸನೆ ಬಂತು. ಪ್ಲಾಸ್ಟಿಕ್ಕು ಒಳಗೊಳಗೇ ಬೇಯುವ ಆ ವಾಸನೆ ನಿಮಗೂ ಗೊತ್ತಿರುತ್ತದೆ. ಒಮ್ಮೆ ಮೂಗಿಗೆ ಹತ್ತಿದರೆ ಬೇಗ ಬಿಡುವುದಿಲ್ಲ. ಒಂದು ತೋಳು ನೆಟ್ಟಗಾಗಿ ಇನ್ನೊಂದು ಮುದ್ದೆಯಾಗಿಯೇ ಉಳಿದ ಅಂಗಿಯನ್ನು ಅಲ್ಲೇ ಬಿಟ್ಟು ಮೇನ್ ಸ್ವಿಚ್ಚು ಇಳಿಸಿದೆ. ಮೊದಲಿನ ನಾನಾಗಿದ್ದರೆ ಪ್ಲಗ್ಗನ್ನು ಕೊಂಚ ಅಲುಗಾಡಿಸಿ, ಅದಕ್ಕೊಂದು ಗುದ್ದು ಕೊಟ್ಟು, ಆ ತೋಳನ್ನೂ ಮುಗಿಸಿಯೇ ಏಳುತ್ತಿದ್ದೆ. ವೈರಿಂಗ್ ನೋಡುವವರಿಗೆ ಫೋನು ಮಾಡಿಯಾಗಿದೆ. ಅವರು ಬರುವತನಕ ಫ್ಯಾನೂ ಇಲ್ಲದೆ ಕೂತಿರುವಾಗ ಹೊಸಬಾಳೆಯ ನಮ್ಮ ಅಕ್ಕನ ಮನೆ ನೆನಪಾಗುತ್ತಿದೆ.

ಶಿಕಾರಿಪುರದಿಂದ ಶಾಂತಕ್ಕನನ್ನು ಸೊರಬದ ಕಡೆಯ ಆ ಊರಿಗೆ ಮದುವೆ ಮಾಡಿ ಕೊಟ್ಟಿದ್ದೆವು. ಭಾವ ಶಿವಾನಂದಪ್ಪನವರದು ಭತ್ತ, ಶುಂಠಿಯ ಬೇಸಾಯ. ಮನೆಯಲ್ಲಿ ಅವರ ತಾಯಿ ಗುರುಬಸಮ್ಮ. ಸ್ನಾನ ಮಾಡಿ, ಒದ್ದೆ ಸೀರೆಯಲ್ಲೇ ಪೂಜೆಗೆ ನೀರು ಹಿಡಿದುಕೊಂಡು ಹೋಗುವುದು ಆಕೆಯ ರೂಢಿ. ಆ ನೀರು ಹಿಡಿಯುವ ಹಿತ್ತಲಿನ ನಲ್ಲಿ ಮುಟ್ಟಿದರೆ ಜುಮ್ ಅನ್ನುತ್ತಿತ್ತು.

ಇದನ್ನು ಯಾರೂ ದೋಷವೆಂದು ಭಾವಿಸಿರಲಿಲ್ಲ. ಕೆಲವರ ಮನೆಯ ಹಸು ಹಾಯುತ್ತದೆ, ಕೆಲವರ ಮನೆಯ ಬಾಗಿಲು ತಲೆಗೆ ಬಡಿಯುತ್ತದೆ. ಇವರ ಮನೆಯ ನಲ್ಲಿ ಕಚ್ಚುತ್ತದೆ, ಅಷ್ಟೆ. ಬಂದ ನೆಂಟರಿಗೆ ಕಾಫಿಗಿಂತ ಮೊದಲು ಸಿಗುತ್ತಿದ್ದದ್ದು ಈ ತಿಳಿವಳಿಕೆ. “ಆ ನಲ್ಲಿ ಸ್ವಲ್ಪ ಹಂಗೇ ಮಾರಾಯ, ಚಪ್ಪಲಿ ಮೆಟ್ಕೊಂಡು ತಿರುವು” ಎನ್ನುತ್ತಿದ್ದರು ಭಾವ. ಅದಕ್ಕೆಂದೇ ಬಚ್ಚಲ ಬಾಗಿಲಲ್ಲಿ ಹವಾಯಿ ಚಪ್ಪಲಿಗಳು ಇರುತ್ತಿದ್ದವು. ನಾನಂತೂ ಮುಷ್ಟಿಯ ಹಿಂಬದಿಯಿಂದ ತಟ್ಟಿ ನಲ್ಲಿ ತಿರುಗಿಸುವ ಒಂದು ಶೈಲಿಯನ್ನೇ ಕಲಿತುಕೊಂಡು, ಅದನ್ನು ನನ್ನ ಹೆಂಡತಿಗೂ ಬಹಳ ಜಂಬದಿಂದ ಕಲಿಸಿದ್ದೆ. ಅಕ್ಕ ಮಾತ್ರ ಆಗಾಗ, “ರೀ, ಯಾರಿಗಾದ್ರೂ ತೋರಿಸ್ರೀ ಇದನ್ನ” ಎಂದು ಗೊಣಗುತ್ತಿದ್ದಳು. “ತೋರ್ಸನ, ಶುಂಠಿ ಕಿತ್ತಾಗ್ಲಿ” ಎನ್ನುತ್ತಿದ್ದರು ಭಾವ. ಶುಂಠಿ ಕಿತ್ತ ಮೇಲೆ ಭತ್ತದ ಕೆಲಸ ಬರುತ್ತಿತ್ತು.

ಒಂದು ಬೆಳಿಗ್ಗೆ ಗುರುಬಸಮ್ಮ ಬರಿಗಾಲಲ್ಲಿ ಹೋಗಿ ನಲ್ಲಿ ಹಿಡಿದರು. ಬಾವಿಯ ಮೋಟರು ಓಡುತ್ತಿತ್ತು. ಕೈ ಅಂಟಿಕೊಂಡಿತು. ಒಳಗಿದ್ದ ಅಕ್ಕನಿಗೆ ಕೇಳಿಸಿದ್ದು ಕೂಗಲ್ಲ, ಕೊಡ ಉರುಳಿದ ಸದ್ದು. ಹೊರಗೆ ಬಂದು ನೋಡಿದರೆ ಅತ್ತೆ ನಲ್ಲಿ ಹಿಡಿದೇ ಅದುರುತ್ತಿದ್ದಾರೆ, ಬಾಯಿಂದ ಸ್ವರವಿಲ್ಲ. ಅವರನ್ನು ಹಿಡಿದು ಎಳೆಯಲು ಚಾಚಿದ ಕೈಯನ್ನು ಅದು ಹೇಗೆ ಹಿಂದಕ್ಕೆ ತೆಗೆದುಕೊಂಡಳೋ ಅಕ್ಕನಿಗೇ ಗೊತ್ತಿಲ್ಲ. ಪಡಸಾಲೆಗೆ ಓಡಿ ಮೇನ್ ಇಳಿಸಿದಳು. ಗುರುಬಸಮ್ಮ ಹಿಂದಕ್ಕೆ ಕಲ್ಲುಚಪ್ಪಡಿಯ ಮೇಲೆ ಬಿದ್ದರು. ಮಣಿಕಟ್ಟು ಮುರಿಯಿತು. ಜೀವ ಉಳಿಯಿತು.

ನಾನು ಸೊರಬದ ಆಸ್ಪತ್ರೆಗೆ ಹೋದಾಗ ಭಾವ ಹೊರಗಿನ ಬೆಂಚಿನಲ್ಲಿ ಕೂತಿದ್ದರು. ನನ್ನನ್ನು ಕಂಡು, “ಅವ್ವ ದಿನಾ ಮುಟ್ತಿದ್ಲಲ್ಲೋ” ಎಂದರು.

ಲೈನ್‌ಮನ್ ಬಂದು ನೋಡಿ, ಮೀಟರಿನ ತನಕ ತಮ್ಮದು, ಅಲ್ಲಿಂದ ಒಳಗೆ ಮನೆಯವರದೇ ಹೊಣೆ, ಲೈಸೆನ್ಸ್ ಇರುವ ಗುತ್ತಿಗೆದಾರರಿಂದ ಸರಿಮಾಡಿಸಿ ರಿಪೋರ್ಟು ತೆಗೆದುಕೊಳ್ಳಿ ಎಂದು ಹೇಳಿ ಹೋದ. ಗುತ್ತಿಗೆದಾರರು ಬಂದು ಹುಡುಕಿದಾಗ ಕಾರಣ ಸಿಕ್ಕಿತು. ಮನೆ ಕಟ್ಟಿಸಿದಾಗ ಹಿತ್ತಲಲ್ಲಿ ಇದ್ದಿಲು, ಉಪ್ಪು ಹಾಕಿ ಅರ್ಥಿಂಗ್ ಗುಂಡಿ ಮಾಡಿದ್ದರು. ಆಮೇಲೆ ಅಲ್ಲಿ ಚಪ್ಪಡಿ ಹಾಸುವಾಗ ಗುಂಡಿ ಮುಚ್ಚಿತು, ತಂತಿ ತುಂಡಾಯಿತು. ಜೋತಾಡುತ್ತಿದ್ದ ಆ ತಂತಿಯನ್ನು ಭಾವನೇ, ನೋಡಲು ಚೆನ್ನಾಗಿರಲಿ ಅಂತ, ನೀರಿನ ಕಬ್ಬಿಣದ ಪೈಪಿಗೆ ಸುತ್ತಿ ಕಟ್ಟಿದ್ದರು. ನೆಲದೊಳಗಿನ ಪೈಪು ಪ್ಲಾಸ್ಟಿಕ್ಕಿನದು. ಮೋಟರಿನಿಂದ ಸೋರಿದ ಕರೆಂಟಿಗೆ ಭೂಮಿಗೆ ಇಳಿಯಲು ದಾರಿಯೇ ಇಲ್ಲದೆ ಅದು ನಲ್ಲಿಯಲ್ಲಿ ಬಂದು ಕೂತಿತ್ತು. ಮುಟ್ಟಿದವರ ಮೈಯೇ ಅದರ ದಾರಿ.

ಹೊಸ ಗುಂಡಿ ತೋಡಿದರು, ವೈರು ಬದಲಾಯಿಸಿದರು, ಕರೆಂಟು ಎಲ್ಲಾದರೂ ಸೋರಿದರೆ ತಾನೇ ಕೆಳಗೆ ಬಿದ್ದು ಮನೆಯ ಕರೆಂಟು ನಿಲ್ಲಿಸುವ ಟ್ರಿಪ್ಪರನ್ನು ಬೋರ್ಡಿನಲ್ಲಿ ಕೂರಿಸಿದರು. ಎಲ್ಲವನ್ನೂ ಅಳೆದು ನೋಡಿ ರಿಪೋರ್ಟಿಗೆ ಸಹಿ ಹಾಕಿದರು. ನಲ್ಲಿ ಸುಮ್ಮನಾಯಿತು. ಆದರೆ ಟ್ರಿಪ್ಪರು ಸುಮ್ಮನಿರಲಿಲ್ಲ. ಹಳೇ ಮಿಕ್ಸಿ ಹಾಕಿದರೆ ಬೀಳುತ್ತಿತ್ತು, ನೀರು ಕಾಯಿಸುವ ರಾಡು ಅದ್ದಿದರೆ ಬೀಳುತ್ತಿತ್ತು. ಅಕ್ಕ ಒಂದೊಂದನ್ನೇ ರಿಪೇರಿಗೆ ಕಳಿಸಿದಳು, ರಾಡನ್ನು ಗುಜರಿಗೆ ಹಾಕಿದಳು. ಟಿವಿ ನಡುವೆ ಕರೆಂಟು ಹೋದಾಗಲೆಲ್ಲ ಭಾವ, “ಇದೆಂತ ಕಿರಿಕಿರಿ, ತೆಗ್ಸಿ ಬಿಸಾಕನ” ಎಂದು ರೇಗುವರು. ನಲ್ಲಿಯ ಜೊತೆ ವರ್ಷಗಟ್ಟಲೆ ಹೊಂದಿಕೊಂಡಿದ್ದ ಮನುಷ್ಯ ಅವರು. ಟ್ರಿಪ್ಪರಿನ ಜೊತೆ ಒಂದು ತಿಂಗಳೂ ಹೊಂದಿಕೊಳ್ಳಲು ಆಗಲಿಲ್ಲ.

ಅಷ್ಟರಲ್ಲಿ ಅಕ್ಕನ ಮಗಳ ಮದುವೆ ಬಂತು. ಹಿಂದಿನ ಸಂಜೆ ಅಂಗಳದ ತುಂಬ ಪೆಂಡಾಲು, ಅದರ ಕಬ್ಬಿಣದ ಕಂಬಗಳಿಗೆಲ್ಲ ಸೀರಿಯಲ್ ದೀಪ. ಧೂಳು ಏಳದಿರಲೆಂದು ನೆಲಕ್ಕೆ ನೀರು ಚಿಮುಕಿಸಿದ್ದರು. ಬೀಗರು ಬಂದು ಊಟಕ್ಕೆ ಕೂತರು. ಪಟ್ಟನೆ ಎಲ್ಲ ಕತ್ತಲು. ಟ್ರಿಪ್ಪರನ್ನು ಎತ್ತಿದರೆ ಮತ್ತೆ ಬಿತ್ತು. ಮತ್ತೆ ಎತ್ತಿದರೆ ನಿಲ್ಲಲೇ ಇಲ್ಲ.

ದೀಪದವನು, “ಇದು ನಿಮ್ಮ ಟ್ರಿಪ್ಪರ್ ಕಾಟ ಯಜಮಾನ್ರೇ. ಅದನ್ನ ಬಿಟ್ಟು ಡೈರೆಕ್ಟ್ ಕೊಟ್ಬಿಡ್ತೀನಿ, ನಾಳೆ ಸರಿ ಮಾಡ್ಕಳಿ” ಎಂದ. ಭಾವ ಆಗಲೇ ಬೆವೆತಿದ್ದರು. “ಕೊಡು ಕೊಡು” ಎಂದರು.

ಅಕ್ಕ ಬೋರ್ಡಿನ ಮುಂದೆ ಬಂದು ನಿಂತಳು. “ಬೇಡ ರೀ. ಎಲ್ಲೋ ಸೋರ್ತಾ ಐತಿ. ಮೊದ್ಲು ಹುಡುಕ್ರಿ.”

“ಬೀಗರು ಕತ್ತಲಲ್ಲಿ ಉಣ್ಣಬೇಕನೇ? ಮರ್ಯಾದಿ ಪ್ರಶ್ನೆ ಇದು!”

“ಉಣ್ಣಲಿ.”

ಅವರಿಬ್ಬರೂ ಅಷ್ಟು ಜನರ ಮುಂದೆ ಹಾಗೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. ಆಗ ಗುರುಬಸಮ್ಮ ಎದ್ದು ಬಂದರು. ಎಂದೂ ಸೊಸೆಯ ಪರ ವಹಿಸಿ ಮಾತಾಡಿದವರಲ್ಲ. ಸೊಟ್ಟಗೆ ಕೂಡಿಕೊಂಡಿದ್ದ ಆ ಕೈಯಿಂದಲೇ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದುಕೊಂಡು ಬಂದು ಬೋರ್ಡಿನ ಕೆಳಗೆ ಹಾಕಿ ಕೂತರು. “ಶಿವಾನಂದ, ಶಾಂತ ಹೇಳಿದ್ ಕೇಳು. ನಾ ಇಲ್ಲಿಂದ ಏಳಾದಿಲ್ಲ” ಎಂದರು.

ಬೀಗರಲ್ಲಿ ಯಾರೋ ನಕ್ಕು ಮೊಬೈಲ್ ಟಾರ್ಚು ಹಾಕಿದರು. ಎಲೆಯ ಸಾಲಿನುದ್ದಕ್ಕೂ ಟಾರ್ಚುಗಳು ಹತ್ತಿದವು, ಊಟ ಮುಂದುವರಿಯಿತು. ಭಾವ ಸಿಟ್ಟಿನಲ್ಲೇ ಒಂದೊಂದು ಕಂಬ ನೋಡುತ್ತಾ ಹೊರಟರು. ಬೆಳಕು ಹಿಡಿದವನು ನಾನು. ಅಡುಗೆಯ ಕಡೆಯ ಮೂಲೆಯಲ್ಲಿ, ಕಂಬಕ್ಕೆ ತಗಡು ಬಿಗಿದ ಜಾಗದಲ್ಲಿ ವೈರು ಸಿಕ್ಕಿ ಸಿಪ್ಪೆ ಕಿತ್ತುಬಂದಿತ್ತು. ಒಳಗಿನ ತಾಮ್ರ ಕಂಬಕ್ಕೆ ಒತ್ತಿಕೊಂಡಿತ್ತು. ಅದೇ ಕಂಬಕ್ಕೆ ಮೂವರು ಮಕ್ಕಳು ಬರಿಗಾಲಲ್ಲಿ ಜೋತುಬಿದ್ದು ಗಿರಗಿರ ಸುತ್ತುತ್ತಿದ್ದರು.

ಭಾವ ಕೂಗಾಡಲಿಲ್ಲ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಬಿಡಿಸಿ, “ಒಳಗೆ ಹೋಗ್ರಪ್ಪ, ಪಾಯಸ ಬಡಿಸ್ತಿದಾರೆ” ಎಂದರು. ಆಮೇಲೆ ಅಲ್ಲೇ ಒದ್ದೆ ನೆಲದ ಮೇಲೆ, ಹೊಸ ಪಂಚೆಯಲ್ಲಿ ಕೂತುಬಿಟ್ಟರು. ದೀಪದವನೂ ಬಂದು ನೋಡಿದ. ಯಾರೂ ಹೇಳದೆಯೇ ಆ ಸಾಲನ್ನು ಪೂರ್ತಿ ಕಿತ್ತುಹಾಕಿದ. ಅದಾದ ಮೇಲೆ ಟ್ರಿಪ್ಪರು ಸರಿಯಾಗಿ ಬೀಳುತ್ತದೋ ಎಂದು ಅದರ ಟೆಸ್ಟ್ ಬಟನ್ನನ್ನು ಆಗಾಗ ಒತ್ತಿ ನೋಡುವ ಕೆಲಸ ಭಾವನದೇ. ಬೇರೆಯವರು ಒತ್ತಿದರೆ ಅವರಿಗೆ ನಂಬಿಕೆಯಿಲ್ಲ.

ಇಗೋ, ವೈರಿಂಗ್‌ನವರು ಬಂದರು. ಪ್ಲಗ್ಗು ಬಿಚ್ಚಿದರು, ಅಳೆದರು, ಹಿತ್ತಲಿಗೆ ಹೋಗಿ ಅರ್ಥಿಂಗ್ ಗುಂಡಿ ಕೆದಕಿದರು. “ಪ್ಲಗ್ ಬಿಡ್ರಿ ಸಾರ್, ಬದಲಿ ಮಾಡಿದ್ರ ಆತು. ನಿಮ್ಮ ಅರ್ಥಿಂಗ್ ಪೂರ್ತಿ ಹೋಗೇತಿ. ಇವತ್ತು ಬರೇ ಪ್ಲಗ್ ಹಾಕಿ ಕೊಡ್ಲಾ, ಎಲ್ಲಾ ಮಾಡ್ಲಾ? ಎಲ್ಲಾ ಅಂದ್ರ ನಾಳೆ ಸಂಜೀತನಕ ಕರೆಂಟ್ ಇರಂಗಿಲ್ಲ.”

ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನನ್ನ ಮುಖ ನೋಡಿದಳು. ಫ್ರಿಜ್ಜಿನಲ್ಲಿ ಹಾಲು, ದೋಸೆ ಹಿಟ್ಟು ಇದ್ದವು. “ಎಲ್ಲಾ ಮಾಡ್ರಿ” ಎಂದೆ.

ಗುದ್ದಲಿಯ ಸದ್ದು ಕೇಳಿ ಪಕ್ಕದ ಮನೆಯವರು ಕಾಂಪೌಂಡಿನಿಂದ ಇಣುಕಿದರು. “ಏನ್ರೀ, ನಿಮ್ಮನ್ಯಾಗ ಕರೆಂಟ್ ಹೋಗೇತೇನು? ನಮ್ಮನ್ಯಾಗ ಐತಲ್ಲ!”

“ಹೋಗಿಲ್ರೀ” ಎಂದೆ. “ನಾವೇ ತೆಗೆದೀವಿ.”