ಜಗ್ಗಿ ನೋಡದ ಹಗ್ಗ

ಕುರುಗೋಡಿನಲ್ಲಿ ಸುಂಕಣ್ಣ ಎಂದು ಕೂಗಿದರೆ ನಾಲ್ಕು ಜನ ಓಗೊಡುತ್ತಿದ್ದರು. ಜಪಾನ್ ಸುಂಕಣ್ಣ ಎಂದರೆ ಮಾತ್ರ ಒಬ್ಬನೇ. ಅಜ್ಜನ ಕಾಲದಿಂದಲೂ ಪುಂಡಿ ನಾರಿನಲ್ಲಿ ಹಗ್ಗ ಹೊಸೆಯುವ ಮನೆತನ. ಎತ್ತಿನ ಮೂಗುದಾರವೇ ಇರಲಿ, ಬಾವಿಗೆ ಬಿಡುವ ಹಗ್ಗವೇ ಇರಲಿ, ಅವರ ಕೈಯದೇ ಆಗಬೇಕು. ಹೊಸೆದು ಮುಗಿಸಿದ ಮೇಲೆ ಒಂದು ತುದಿಯನ್ನು ಬೇವಿನ ಮರಕ್ಕೆ ಕಟ್ಟಿ, ಇನ್ನೊಂದನ್ನು ಹಿಡಿದು ಮೈಭಾರವೆಲ್ಲ ಹಾಕಿ ಜಗ್ಗಿ ನೋಡದೆ ಸುಂಕಣ್ಣ ಯಾರಿಗೂ ಹಗ್ಗ ಕೊಡುತ್ತಿರಲಿಲ್ಲ. ಹಾಗೆ ಜಗ್ಗಿ ನೋಡದೆ ಅವನ ಕೈಬಿಟ್ಟು ಹೋದ ಹಗ್ಗ ಜೀವಮಾನದಲ್ಲಿ ಒಂದೇ ಒಂದು. ಇದು ಅದರ ಕತೆ.

ಹೆಂಡತಿ ಹಂಪಮ್ಮನಿಗೆ ಮೊದಲು ಹುಟ್ಟಿದ್ದು ಹೆಣ್ಣು. ಒಂಬತ್ತು ತಿಂಗಳ ಕೂಸಾಗಿ ತೀರಿಹೋಯಿತು. ಎರಡನೆಯದು ಹೊಟ್ಟೆಯಲ್ಲಿದ್ದಾಗ ಸುಂಕಣ್ಣ ಪಲ್ಟಣಕ್ಕೆ ಸೇರಿದ. ಹಗ್ಗದ ಕೈ ಇದ್ದವನೆಂದು ಅವನಿಗೆ ಬಂದೂಕು ಕೊಡಲಿಲ್ಲ, ಸಾಮಾನು ಕಟ್ಟುವ ಕೆಲಸ ಕೊಟ್ಟರು. ಗಂಡು ಹುಟ್ಟಿತೆಂಬ ಕಾಗದ ಬಂದಾಗ ಅಸ್ಸಾಮಿನಲ್ಲಿದ್ದ. ಅದು ಹೋಯಿತೆಂಬ ಕಾಗದ ಬಂದಾಗಲೂ ಅಲ್ಲೇ ಇದ್ದ. ಆ ದಿನ ಮೂಟೆಗಳ ನಡುವೆ ಮುಖ ಹುದುಗಿಸಿ ಅತ್ತ, ಆಮೇಲೆ ಎದ್ದು ಮೂಟೆಗಳನ್ನೇ ಕಟ್ಟಿದ.

ಯುದ್ಧ ಮುಗಿದ ಮೇಲೆ ಅವನ ತುಕಡಿಯನ್ನು ಹಡಗು ಹತ್ತಿಸಿ ಜಪಾನಿಗೆ ಕಳಿಸಿದರು. ಸೋತ ದೇಶವನ್ನು ಕಾಯುವುದಕ್ಕಂತೆ. ಕಾಯುವುದಕ್ಕೆ ಅಲ್ಲಿ ಏನು ಉಳಿದಿತ್ತೋ! ಸಮುದ್ರದ ದಂಡೆಯ ಸಣ್ಣ ಊರು, ಸುತ್ತ ಭತ್ತದ ಗದ್ದೆ. ಮನೆಗೊಬ್ಬರಂತೆ ಗಂಡುಮಕ್ಕಳು ಸತ್ತಿದ್ದರು. ಅಂಥ ಊರಿನಲ್ಲಿ ನಲವತ್ತೇಳನೆಯ ಇಸವಿಯ ಬೇಸಗೆಯಲ್ಲಿ ಒಂದು ದಿನ ಜನ ಗಾಳಿಪಟ ಹಾರಿಸಲು ನಿಂತರು. ಪಟವೆಂದರೆ ಒಂದೊಂದೂ ನಮ್ಮ ಮನೆಯ ಜಂತಿ ಎಷ್ಟು ಉದ್ದವೋ ಅಷ್ಟು ಅಗಲ. ಆ ವರ್ಷ ಯಾರ ಮನೆಯಲ್ಲಿ ಚೊಚ್ಚಲ ಕೂಸು ಹುಟ್ಟಿದೆಯೋ ಆ ಕೂಸಿನ ಹೆಸರನ್ನು ಪಟದ ಮೇಲೆ ಆಳೆತ್ತರ ಬರೆಯುತ್ತಾರೆ. ಊರಿಗೂರೇ ಹಗ್ಗ ಹಿಡಿದು ಮೇಲೆ ಬಿಡುತ್ತದೆ. ಅರ್ಧಂಬರ್ಧ ಇಂಗ್ಲಿಷ್ ಬಲ್ಲ ಅಲ್ಲಿನ ಮೇಷ್ಟ್ರೊಬ್ಬ ಇದನ್ನೆಲ್ಲ ಹವಾಲ್ದಾರನಿಗೆ ಹೇಳಿದ, ಹವಾಲ್ದಾರ ಸುಂಕಣ್ಣನಿಗೆ ಹೇಳಿದ.

ಸುಂಕಣ್ಣನ ಕಣ್ಣು ಪಟದ ಮೇಲಿರಲಿಲ್ಲ, ಹಗ್ಗದ ಮೇಲಿತ್ತು. ಒಬ್ಬ ಮುದುಕ ಕೂತು ಎಳೆ ಸೇರಿಸುತ್ತಿದ್ದ. ಸೆಣಬಿನಂಥದ್ದೇ ನಾರು. ಸುಂಕಣ್ಣ ಎದುರಿಗೆ ಕೂತು ಇನ್ನೊಂದು ತುದಿ ಹಿಡಿದ. ಮುದುಕ ತಲೆಯೆತ್ತಿ ನೋಡಿದ, ಕೈ ನೋಡಿದ, ಮತ್ತೆ ಹೊಸೆಯತೊಡಗಿದ. ಮುದುಕನ ಇಬ್ಬರು ಗಂಡುಮಕ್ಕಳೂ ಯುದ್ಧದಲ್ಲಿ ಹೋಗಿದ್ದರಂತೆ. ಅಂದು ಹಾರುವುದಿದ್ದದ್ದು ಮಗಳ ಮಗನ ಹೆಸರು. ಪಟ ಮೇಲೇರಿದಾಗ ಅವನು ಹಗ್ಗದ ತುದಿಯನ್ನು ಒಂದು ಗಳಿಗೆ ಸುಂಕಣ್ಣನ ಕೈಗೂ ಕೊಟ್ಟ. ಮಧ್ಯಾಹ್ನ ಬೇರೊಬ್ಬರ ಪಟ ಹರಿದುಕೊಂಡು ಗದ್ದೆಯಾಚೆ ಬಿದ್ದಿತು. ಊರೆಲ್ಲ ಕೆಸರು ತುಳಿದು ಹೋಗಿ ಹೊತ್ತು ಮುಳುಗುವ ಮೊದಲೇ ಹೊತ್ತು ತಂದರು. ಕೂಸಿನ ಹೆಸರನ್ನು ರಾತ್ರಿ ಹೊರಗೆ ಬಿಡಬಾರದಂತೆ.

ಊರಿಗೆ ಮರಳಿದ ಮೇಲೆ ಸುಂಕಣ್ಣ ಈ ಕತೆಯನ್ನು ಕಟ್ಟೆಯ ಮೇಲೆ ನೂರು ಸಲ ಹೇಳಿದ. ಜಪಾನ್ ಎಂಬ ಹೆಸರು ಅಂಟಿಕೊಂಡದ್ದು ಆಗಲೇ. ಹಂಪಮ್ಮನಿಗೂ ಹೇಳಿದ. ಆಕೆಗೆ ಸರಿಬರಲಿಲ್ಲ.

"ಹೆಸರು ಮುಗಿಲಿಗೆ ತೋರಸ್ತಾರಂತ? ಕಣ್ಣು ಬೀಳಂಗಿಲ್ಲೇನು ಅವರಿಗೆ?"

"ಊರೆಲ್ಲ ಹಗ್ಗ ಹಿಡಿದಿರತೈತಿ. ಎಲ್ಲಾರ ಕೈಯಾಗಿರೋ ಕೂಸಿಗೆ ಕಣ್ಣು ಹಾಕೋರು ಯಾರಬೇ?"

"ಅವರ ಪದ್ಧತಿ ಅವರಿಗಿರಲಿ" ಎಂದು ಆಕೆ ಎದ್ದು ಹೋದಳು.

ನಲವತ್ತೊಂಬತ್ತರ ಪುಷ್ಯದಲ್ಲಿ ಹಂಪಮ್ಮ ಗಂಡು ಹೆತ್ತಳು. ಸುಂಕಣ್ಣನ ತಾಯಿ ಉಚ್ಚೆಂಗೆಮ್ಮ ಒಂದು ಕ್ಷಣ ತಡಮಾಡಲಿಲ್ಲ. ಕೂಸನ್ನು ಮೊರದಲ್ಲಿಟ್ಟು ಹಿತ್ತಿಲ ತಿಪ್ಪೆಯ ಮೇಲೆ ಮಲಗಿಸಿದಳು. ಪಕ್ಕದ ಮನೆಯ ವೀರಭದ್ರಮ್ಮ ಎತ್ತಿಕೊಂಡಳು. ಒಂದು ಹಿಡಿ ತೌಡು ಕೊಟ್ಟು ಆಕೆಯಿಂದ ಮತ್ತೆ ಕೊಂಡರು. ತಿಪ್ಪೆಯ ಕೂಸು, ಯಾರಿಗೂ ಬೇಡದ ಕೂಸು, ಸಾವಿಗೂ ಬೇಡ. ಹೆಸರು ತಿಪ್ಪ. ಹೊರಗಿನವರು ಬಂದರೆ ಹಂಪಮ್ಮ ಅದರ ಮುಖಕ್ಕೆ ಮಸಿ ಹಚ್ಚಿ, ಹರಿದ ಬಟ್ಟೆಯಲ್ಲಿ ಸುತ್ತಿ ತೋರಿಸುವಳು. ಎರಡನ್ನು ಮಣ್ಣಿಗೆ ಕೊಟ್ಟ ತಾಯಿ, ಯಾರು ತಪ್ಪೆನ್ನಬೇಕು?

ಸುಂಕಣ್ಣನಿಗೆ ಮಾತ್ರ ಆ ಹೆಸರು ಹಿಡಿಸಲಿಲ್ಲ. ಬಂಗಾರದಂಥ ಮಗ, ಕರೆದರೆ ತಿಪ್ಪ! ಎಳೆತನದಲ್ಲಿ ಸುಂಕಣ್ಣನ ಕೈಹಿಡಿದು ಅಕ್ಷರ ತಿದ್ದಿಸಿದ ಮೇಷ್ಟ್ರ ಹೆಸರು ಚಿದಾನಂದಪ್ಪ. ಆ ಹೆಸರನ್ನು ಮನಸ್ಸಿನಲ್ಲೇ ಮಗನಿಗಿಟ್ಟುಕೊಂಡ. ಬಳ್ಳಾರಿಗೆ ಹೋಗಿ ಕೌಲ್ ಬಜಾರಿನಲ್ಲಿ ಪಟ ಕಟ್ಟುವ ಖಾಜಾಮಿಯಾನ ಮುಂದೆ ಕೂತ.

"ಸಾಬ್ರೆ, ಬಂಡಿ ಅಗಲದ ಪಟ ಬೇಕ್ರಿ."

"ಅರೆ ಸುಂಕಣ್ಣ, ಹಾರಿಸಾಕೋ, ಮದುವಿಗೆ ಹಂದರ ಹಾಕಾಕೋ?" ಎಂದು ಖಾಜಾಮಿಯಾ ನಕ್ಕ. ವಿಷಯ ತಿಳಿದ ಮೇಲೆ ನಗಲಿಲ್ಲ. ಕಾಗದ ತಡೆಯುವುದಿಲ್ಲವೆಂದು ದಂಡಿನ ಹರಾಜಿನಲ್ಲಿ ಬಂದಿದ್ದ ಪ್ಯಾರಾಚೂಟಿನ ಬಿಳಿ ಬಟ್ಟೆ ಹೊಂದಿಸಿದ, ಹಗುರ ಬಿದಿರು ಸೀಳಿ ಕಟ್ಟಿದ. ಬಂಡಿಗೆ ಬಳಿಯುವ ಕೆಂಪು ಬಣ್ಣದಲ್ಲಿ ಸುಂಕಣ್ಣನೇ ಬರೆದ: ಚಿದಾನಂದ. ಪಟ ಆಷಾಢದವರೆಗೆ ಖಾಜಾಮಿಯಾನ ಅಂಗಡಿಯಲ್ಲೇ ಉಳಿಯಿತು.

ಹಗ್ಗವನ್ನು ಹೋಳಿ ಹುಣ್ಣಿಮೆಗೇ ಹೊಸೆದು ಮುಗಿಸಿದ್ದ. ಕಿರುಬೆರಳಿಗಿಂತ ಸಣ್ಣದು, ಮುನ್ನೂರು ಮಾರು. ಹಂಪಮ್ಮ ಕಂಡರೆ ಇದು ಯಾತಕ್ಕೆ ಎನ್ನುವಳೆಂದು ಖಾಲಿ ಹಗೇವಿನಲ್ಲಿ ಇಳಿಬಿಟ್ಟ. ಜೋಳ ತುಂಬುವ ಆ ನೆಲದೊಳಗಿನ ಗುಂಡಿಯ ಕಾವಿಗೆ, ತಳದ ಪಸೆಗೆ ಪುಂಡಿ ನಾರು ಏನಾಗುತ್ತದೆಂದು ಅವನಿಗಿಂತ ಬಲ್ಲವರು ಆ ಸೀಮೆಯಲ್ಲಿ ಇರಲಿಲ್ಲ. ಆದರೂ ಇಟ್ಟ. ಆಷಾಢದಲ್ಲಿ ತೆಗೆದಾಗ ಬೇವಿನ ಮರ ಎದುರಿಗೇ ಇತ್ತು. ಕಟ್ಟಿ ಜಗ್ಗಲಿಲ್ಲ. ಜಗ್ಗುತ್ತ ನಿಂತರೆ ಹಂಪಮ್ಮ ನೋಡಿಬಿಡುತ್ತಾಳೆ!

ಗುಡ್ಡದ ಕೆಳಗಿನ ಬಯಲಿನಲ್ಲಿ ಹತ್ತು ಜನ ಗೆಳೆಯರು ಹಿಡಿದು ಬಿಟ್ಟರು. ಪಟ ಬಡಬಡ ಸದ್ದು ಮಾಡುತ್ತ ಎದ್ದಿತು. ಓಣಿಗಳಿಂದ ಜನ ಬಂದು ಸೇರಿದರು. ವೀರಭದ್ರಮ್ಮನ ಹಿಂದೆ ಹಂಪಮ್ಮನೂ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಶಾಲೆ ಕಲಿತ ಯಾರೋ ಗಟ್ಟಿಯಾಗಿ ಓದಿ, "ಇವನ್ಯಾರಪ್ಪ ಚಿದಾನಂದ?" ಎಂದ. ಸುಂಕಣ್ಣ ಹೆಂಡತಿಯ ಕಡೆ ನೋಡಿದ. ಎಲ್ಲರೂ ನೋಡಿದರು. ಆಕೆ ಗಕ್ಕನೆ ಕೂಸಿನ ತಲೆಗೆ ಸೆರಗು ಹೊದಿಸಿದಳು. ಆದರೆ ಮತ್ತೆ ತಲೆಯೆತ್ತಿದಳು. ಬಿಳಿ ಪಟ, ಕೆಂಪು ಅಕ್ಷರ, ಇಡೀ ಊರು ಬಾಯ್ತೆರೆದು ತನ್ನ ಮಗನನ್ನು ನೋಡುತ್ತಿದೆ. ಆಕೆಯ ತುಟಿಯ ಮೇಲೆ ನಗು ಬಂತು. ಸುಂಕಣ್ಣ ಅದನ್ನು ಕಣ್ಣಾರೆ ಕಂಡ. ಓಡಿಹೋಗಿ ಕೂಸಿನ ಮುಷ್ಟಿಗೆ ಹಗ್ಗ ಮುಟ್ಟಿಸಿದ. ಅವನ ಬದುಕಿನಲ್ಲಿ ಸುಖವೆಂದರೆ ಅಷ್ಟು ಹೊತ್ತು.

ಗಾಳಿ ಬಿರುಸಾಯಿತು. ಹಗೇವಿನ ತಳದಲ್ಲಿ ಪಸೆ ಹಿಡಿದಿದ್ದ ಕಡೆ ಹಗ್ಗ ಹರಿಯಿತು. ಪಟ ಒಮ್ಮೆ ಮಗ್ಗುಲಾಗಿ, ಈಶಾನ್ಯದ ಕಡೆ ಹೋಗುತ್ತ ಹೋಗುತ್ತ ಅಂಗೈಯಷ್ಟಾಯಿತು, ಆಮೇಲೆ ಕಾಣಲಿಲ್ಲ. ಗೆಳೆಯರ ಜೊತೆ ಕತ್ತಲಾಗುವವರೆಗೆ ಹುಡುಕಿ ಬರಿಗೈಯಲ್ಲಿ ಬಂದ. ಹಂಪಮ್ಮ ಬೈಯಲಿಲ್ಲ. "ರಾತ್ರಿ ಹೊರಗ ಬಿಡಬಾರದು ಅಂತ ನೀನ ಹೇಳಿದ್ದೆಲ್ಲ" ಎಂದಳು, ಅಷ್ಟೇ.

ಐದನೆಯ ದಿನ ಕೂಸಿಗೆ ಜ್ವರ ಬಂತು. ಗಂಟಲು ಊದಿತು, ಹಾಲು ಇಳಿಯದು. ಪಂಡಿತರು ನೋಡಿ ಬಳ್ಳಾರಿ ಆಸ್ಪತ್ರೆಗೆ ಒಯ್ಯಿರಿ ಎಂದರು. ಸುಂಕಣ್ಣ ಬಂಡಿ ಕೇಳಲು ಹೊರಟ. ಹಂಪಮ್ಮ ಬಾಗಿಲಿಗೆ ಅಡ್ಡ ನಿಂತಳು.

"ಹೆಸರು ಹೊರಗ ಇಟಗಂಡು ಕೂಸಿಗೆ ಎಣ್ಣಿ ಔಷಧ ಏನು ಹತ್ತತೈತಿ? ಮೊದಲ ಅದನ್ನ ಹುಡುಕಿ ತಾ. ಕಾಲಿಗೆ ಬೀಳತೀನಿ, ಹೋಗು."

ಬಟ್ಟೆಯ ಮೇಲಿನ ಬಣ್ಣಕ್ಕೂ ಕೂಸಿನ ಗಂಟಲಿಗೂ ಏನು ನಂಟು ಎಂದು ಓದಿದವರು ಕೇಳಬಹುದು. ಸಮುದ್ರ ದಾಟಿ ಬಂದ ಸುಂಕಣ್ಣನಿಗೂ ಆ ಪ್ರಶ್ನೆ ಬಾಯಿಗೆ ಬಂತು, ಹೊರಗೆ ಬರಲಿಲ್ಲ. ಕೇಳದೆ ಹಾರಿಸಿದವನು ಯಾವ ಮುಖ ಹೊತ್ತು ವಾದ ಮಾಡಬೇಕು? ಆಸ್ಪತ್ರೆಯ ದಾರಿ ಬಿಟ್ಟು ಗಾಳಿ ಹೋದ ದಾರಿ ಹಿಡಿದ. ದಾರಿಯ ಹೊಲಗಳಲ್ಲಿ ಸಿಕ್ಕವರನ್ನು ಕೇಳಿದ. ಸಿರಿಗೇರಿಯ ಚಾವಡಿಯಲ್ಲಿ ಕೇಳಿದ, ಯಾರೂ ಕಂಡಿಲ್ಲವೆಂದರು. ಸಿರುಗುಪ್ಪದವರೆಗೂ ಹೋದ. ಜಾಲಿಗಿಡ ಕಂಡಲ್ಲೆಲ್ಲ ಬಗ್ಗಿ ನೋಡಿದ.

ಮೂರನೆಯ ದಿನ ಸಂಜೆ ಮರಳಿದಾಗ ಮನೆಯ ಮುಂದೆ ಜನ ಕೂತಿದ್ದರು. ಮಣ್ಣು ಮಾಡಿ ಆಗಿತ್ತು. ಒಳಗೆ ತೊಟ್ಟಿಲಿನ ಹಗ್ಗ ಬಿಚ್ಚಿ ಸುತ್ತಿಟ್ಟಿದ್ದರು. ಹಂಪಮ್ಮ ಗೋಡೆಗೆ ಒರಗಿದ್ದಳು. ಕಣ್ಣಲ್ಲಿ ಹನಿ ಇರಲಿಲ್ಲ.

"ಸಿಕ್ತೇನು?" ಎಂದಳು.

"ಇಲ್ಲ."

ಆಮೇಲೆ ಆ ಮನೆಯಲ್ಲಿ ತಿಪ್ಪ ಎಂಬ ಹೆಸರೂ ಇಲ್ಲ, ಚಿದಾನಂದ ಎಂಬ ಹೆಸರೂ ಇಲ್ಲ. ಆಕೆ ರೊಟ್ಟಿ ಬಡಿದು ಮುಂದಿಡುವಳು, ನಾರು ನೆನೆಹಾಕುವಳು, ಕೇಳಿದ್ದಕ್ಕೆ ಉತ್ತರ ಕೊಡುವಳು. ಅಳಲಿಲ್ಲ, ಒಮ್ಮೆಯೂ ಅಳಲಿಲ್ಲ. ಬೈದಿದ್ದರೆ ಸುಂಕಣ್ಣ ಬದುಕಿಕೊಳ್ಳುತ್ತಿದ್ದ. ಆಸ್ಪತ್ರೆಗೆ ಒಯ್ದಿದ್ದರೆ ಎಂಬುದನ್ನು ಇಬ್ಬರೂ ಎತ್ತಲಿಲ್ಲ, ಎತ್ತಿದರೆ ಇಬ್ಬರಲ್ಲಿ ಒಬ್ಬರು ಉಳಿಯುತ್ತಿರಲಿಲ್ಲ. ಮತ್ತೆ ಮಕ್ಕಳಾಗಲಿಲ್ಲ. ಕಟ್ಟೆಯ ಮೇಲೆ ಜಪಾನಿನ ಕತೆ ನಿಂತುಹೋಯಿತು, ಹೆಸರು ಮಾತ್ರ ಬಿಡಲಿಲ್ಲ.

ನಾಲ್ಕು ವರ್ಷ ಕಳೆಯಿತು. ಬಳ್ಳಾರಿ ಸೀಮೆ ಇನ್ನು ಮೈಸೂರಿಗೆ ಸೇರುತ್ತದೆಂದು ಊರೂರಲ್ಲಿ ಮಾತಾಡುತ್ತಿದ್ದ ವರ್ಷ, ಸುಂಕಣ್ಣ ಹಗ್ಗದ ಸಿಂಬೆಗಳನ್ನು ಹೆಗಲಿಗೆ ಹಾಕಿಕೊಂಡು ಸಿರಿಗೇರಿಯ ಕೂಲಿಯವರ ಓಣಿಯಲ್ಲಿ ಹೋಗುತ್ತಿದ್ದ. ಬಾಗಿಲಲ್ಲಿ ನಿಂತು ಒಬ್ಬ ಹೆಂಗಸು ಕೂಗಿದಳು:

"ಚಿದಾನಂದಾ! ಏ ಚಿದಾನಂದಾ! ಉಣ್ಣಾಕ ಬಾರಲೇ!"

ಆ ಹೆಸರನ್ನು ಅವನು ಬರೆದಿದ್ದ, ಇನ್ನೊಬ್ಬ ಓದಿದ್ದನ್ನು ಕೇಳಿದ್ದ. ಒಬ್ಬ ತಾಯಿ ಕರೆದದ್ದನ್ನು ಕೇಳಿರಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ. ಮಣ್ಣು ಮೆತ್ತಿದ ಹುಡುಗನೊಬ್ಬ ಅವನನ್ನು ದಾಟಿ ಓಡಿದ. ಹೆಂಗಸು ಗಾಬರಿಯಾಗಿ ನೀರು ತಂದುಕೊಟ್ಟಳು. ಹೆಸರು ಹನುಮಮ್ಮ.

"ದೊಡ್ಡ ಹೆಸರು ಇಟ್ಟೀಯವ್ವ ಮಗನಿಗೆ" ಎಂದ, ನೀರು ಕುಡಿದು.

"ನಾವೆಲ್ಲಿ ಇಟ್ಟೀವಣ್ಣ, ಮುಗಿಲಿಂದ ಬಂದಿದ್ದು" ಎಂದು ಆಕೆ ನಕ್ಕಳು. ಗಂಡ ಮಾರೆಣ್ಣ ಬಿತ್ತನೆಗೆಂದು ಕುರುಗೋಡಿನ ಕಡೆ ಹೋಗಿದ್ದಾಗ ಹೊಲದಲ್ಲಿ ದೊಡ್ಡ ಪಟ ಬಿದ್ದಿತ್ತಂತೆ. ಬಿತ್ತನೆ ಮುಗಿಸಿ ಎರಡು ವಾರಕ್ಕೆ ಊರಿಗೆ ತಂದನಂತೆ. ಆ ವಾರವೇ ಹೆರಿಗೆ, ಪಟದ ಮೇಲಿನ ಹೆಸರನ್ನು ಬಲ್ಲವರಿಂದ ಓದಿಸಿ ಕೂಸಿಗೆ ಅದನ್ನೇ ಇಟ್ಟರಂತೆ. ಒಳಗೆ ಹೋಗಿ ಒಂದು ಕೂಸಿನ ಕುಲಾವಿ ತಂದು ತೋರಿಸಿದಳು. ಜಾರುವ ಬಿಳಿ ಬಟ್ಟೆ, ಅಂಚಿನಲ್ಲಿ ಕೆಂಪು ಬಣ್ಣದ ಒಂದು ತಲಕಟ್ಟು. ಸುಂಕಣ್ಣ ತನ್ನ ಕೈಬರಹವನ್ನು ಗುರುತಿಸಿದ.

"ಯಾರೋ ನಿವಾಳಿಸಿ ಬಿಟ್ಟಿದ್ದು, ಮುಟ್ಟಬ್ಯಾಡ ಅಂದ್ರು ಮಂದಿ. ನಾ ಕೇಳಲಿಲ್ಲಣ್ಣ. ಇಷ್ಟು ದೊಡ್ಡದಾಗಿ ಬರೆಯಬೇಕಂದ್ರ ಆ ಕೂಸಿನ ಮ್ಯಾಲ ಎಷ್ಟು ಜೀವ ಇಟ್ಟಿರಬೇಕು! ಅವನೂ ನಮ್ಮವನಂಗ ಬೆಳದಿರಬೇಕಲ್ಲ ಈಗ?"

ಸುಂಕಣ್ಣ ಕುಲಾವಿಯನ್ನು ಮಡಚಿ ಆಕೆಯ ಕೈಗೆ ಕೊಟ್ಟ. "ಹೌದವ್ವ, ಬೆಳದಿರತಾನ" ಎಂದ.

ಹುಡುಗ ತಾಯಿಯನ್ನು ಬಿಟ್ಟು ಬಂದು ಹಗ್ಗದ ಸಿಂಬೆ ಮುಟ್ಟಿ ನೋಡುತ್ತ ಅವನ ಪಕ್ಕ ನಿಂತ. ಸುಂಕಣ್ಣ ಎದ್ದು ನಿಂತಾಗ ಹುಡುಗನ ತಲೆ ಅವನ ಉಡಿದಾರಕ್ಕೆ ತುಸು ಕೆಳಗೆ ಬರುತ್ತಿತ್ತು. ಒಂದು ಹಗ್ಗ ತೆಗೆದು ಎತ್ತರ ಅಳೆಯಬೇಕೆಂದು ಸಿಂಬೆಗೆ ಕೈಹಾಕಿದ. ಅಳೆಯಲಿಲ್ಲ. ಬದುಕಿರುವ ಕೂಸಿನ ಮೇಲೆ ತನ್ನ ಹಗ್ಗ ತಾಗುವುದೇ ಬೇಡ. ಊರು ದಾಟಿ ಹುಣಸೆಮರದ ಕೆಳಗೆ ನಿಂತು, ತನ್ನ ಮೈಗೇ ಹಗ್ಗ ಹಿಡಿದು, ಹುಡುಗನ ತಲೆ ಬರುತ್ತಿದ್ದ ಎತ್ತರಕ್ಕೆ ಒಂದು ಗಂಟು ಹಾಕಿದ.

ಮನೆಗೆ ಬಂದು ಹಂಪಮ್ಮನ ಮುಂದೆ ಕೂತ. ನಾಲ್ಕು ವರ್ಷದ ಮೇಲೆ ಮೊದಲ ಸಲ ಆ ಮಾತು ಎತ್ತಿದ. ಕುಲಾವಿ, ಕೆಂಪು ತಲಕಟ್ಟು, ಉಣ್ಣಾಕ ಬಾರಲೇ ಎಂದು ಕರೆದದ್ದು, ಒಂದನ್ನೂ ಬಿಡದೆ ಹೇಳಿದ. ಹೇಳಿ ಹಗ್ಗವನ್ನು ಆಕೆಯ ಮುಂದಿಟ್ಟ.

ಹಂಪಮ್ಮ ಗಂಟನ್ನು ನೋಡಿದಳು. ಆಮೇಲೆ ಎದ್ದಳು. ತುದಿಯನ್ನು ಕಾಲ ಹೆಬ್ಬೆರಳಿನ ಕೆಳಗೆ ಒತ್ತಿ ಹಿಡಿದು ಹಗ್ಗವನ್ನು ನೆಟ್ಟಗೆ ಮೇಲೆಳೆದಳು. ಗಂಟು ಆಕೆಯ ಸೊಂಟಕ್ಕೆ ಬಂತು. ಗಂಟಿನ ಮೇಲೆ ಅಂಗೈ ಇಟ್ಟಳು. ಅಲ್ಲಿ ತಲೆಯೊಂದು ಇದ್ದ ಹಾಗೆ, ಕೂದಲು ಸವರಿದ ಹಾಗೆ ಕೈಯಾಡಿಸಿದಳು.

"ಚಿದಾನಂದ" ಎಂದಳು. ಅಂದದ್ದೇ ತಡ, ನಾಲ್ಕು ವರ್ಷದ ಅಳು ಒಮ್ಮೆಲೇ ಬಂತು. ಸುಂಕಣ್ಣ ಹತ್ತಿರ ಹೋಗಲು ಹೆದರಿ ಅಲ್ಲೇ ಕೂತಿದ್ದ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಹಗ್ಗವನ್ನು ಅವನ ಕೈಗೆ ಕೊಟ್ಟಳು.

"ಆ ಹುಡುಗ ಆಷಾಢದಾಗ ಹುಟ್ಟಿದಾವ. ನಮ್ಮಾವ ಆರು ತಿಂಗಳಿಗೆ ದೊಡ್ಡಾವ. ಇನ್ನ ಎಲ್ಡು ಬೆರಳು ಮ್ಯಾಲ ಹಾಕು."

ಸುಂಕಣ್ಣ ಗಂಟು ಬಿಚ್ಚಿದ. ಎರಡು ಬೆರಳು ಅಳೆದು ಮೇಲೆ ಹಾಕಿದ.