ಬ್ಯಾರನ್ನಿನೊಳಗೆ ನಕ್ಕ ಗೊಂಬೆ

ಊರಿಗೆ ಸೀಡಿ ಪ್ಲೇಯರ್ ಬಂದಾಗಿತ್ತು, ಕರೆಂಟು ಮಾತ್ರ ಇನ್ನೂ ತನಗೆ ಮನಸ್ಸಾದಾಗ ಬಂದು ಹೋಗುತ್ತಿತ್ತು. ಅಂಥ ದಿನಗಳವು. ಪಿರಿಯಾಪಟ್ಟಣದ ಕಡೆಯ ನಮ್ಮ ಊರುಗಳಲ್ಲಿ ಶ್ರಾವಣ ಬಂತೆಂದರೆ ಹಬ್ಬದಡುಗೆಯ ಘಮಕ್ಕಿಂತ ಮೊದಲು ಹೊಗೆಸೊಪ್ಪು ಬೇಯುವ ವಾಸನೆ ಬರುತ್ತಿತ್ತು. ಬೆಲ್ಲದ ಪಾಕಕ್ಕೂ ಒದ್ದೆ ಹುಲ್ಲಿಗೂ ನಡುವಿನ ಒಂದು ವಾಸನೆ. ಆ ಸೊಪ್ಪಿನ ಬಗ್ಗೆ ಇವತ್ತು ಯಾರೂ ಒಳ್ಳೆಯ ಮಾತಾಡುವುದಿಲ್ಲ, ಆಡಬೇಕಾಗಿಯೂ ಇಲ್ಲ. ಆದರೂ ಬಸ್ಸಿನ ಕಿಟಕಿಯಿಂದ ಆ ವಾಸನೆ ಮುಖಕ್ಕೆ ಬಡಿದರೆ ನಾನು ಈಗಲೂ ಹತ್ತು ವರ್ಷದವಳಾಗಿಬಿಡುತ್ತೇನೆ.

ಸೊಪ್ಪು ಬೇಯಿಸುವ ಮನೆಗೆ ನಮ್ಮಲ್ಲಿ ಬ್ಯಾರನ್ನು ಎನ್ನುತ್ತಾರೆ. ಎತ್ತರದ ಮಣ್ಣಿನ ಗೋಡೆ, ಒಂದೇ ಬಾಗಿಲು, ಥರ್ಮಾಮೀಟರ್ ನೋಡಲು ಅಂಗೈಯಗಲದ ಒಂದು ಗಾಜು. ಗೋಡೆಯ ಬುಡದಲ್ಲಿ ಗಾಳಿಗೆಂದು ನಾಲ್ಕು ಕಿಂಡಿಗಳು, ಅವಕ್ಕೆ ಹಲಗೆಯ ಮುಚ್ಚಳ. ಬ್ಯಾರನ್ನು ಖಾಲಿಯಿದ್ದಾಗ ಕಣ್ಣಾಮುಚ್ಚಾಲೆ ಆಡುವ ಸಣ್ಣ ಮಕ್ಕಳು ಆ ಕಿಂಡಿಯಲ್ಲಿ ತೂರಿ ಒಳಗೆ ಅಡಗುತ್ತಿದ್ದರು, ಸಿಕ್ಕಿಬಿದ್ದರೆ ಬೆನ್ನಿಗೆ ಏಟು ತಿನ್ನುತ್ತಿದ್ದರು. ಹಸಿ ಎಲೆಯನ್ನು ಕಡ್ಡಿಗಳಿಗೆ ಕಟ್ಟಿ ಒಳಗೆ ಸಾಲಾಗಿ ತೂಗುಹಾಕಿ, ಬಾಗಿಲು ಮುಚ್ಚಿ, ಸಂದಿಗೆ ಮಣ್ಣು ಮೆತ್ತಿ, ಹೊರಗಿನ ಒಲೆಗೆ ಬೆಂಕಿ ಹಾಕಿದರೆ ತಗಡಿನ ಪೈಪುಗಳಲ್ಲಿ ಕಾವು ಒಳಗೆಲ್ಲ ಹರಿಯುತ್ತದೆ. ಮೂರನೆಯ ದಿನ ಎಲೆ ಬಣ್ಣ ಹಿಡಿಯುವ ದಿನ. ಅವತ್ತು ಬಾಗಿಲು ತೆರೆದರೆ ನಿಂಬೆಹಣ್ಣಿನ ಬಣ್ಣಕ್ಕೆ ಬರಬೇಕಾದ ಎಲೆ ಕಂದುಗಟ್ಟುತ್ತದೆ, ವರ್ಷದ ದುಡಿಮೆಯಲ್ಲಿ ಒಂದು ಭಾಗ ಹಾಳು. ಆ ದಿನ ಅಪ್ಪ ಗಡ್ಡ ಕೆರೆದುಕೊಳ್ಳುತ್ತಾ ಗಾಜಿನ ಮುಂದೆ ಕೂತಿರುತ್ತಿದ್ದ. ನಾವು ಜೋರಾಗಿ ಸೀನಿದರೂ ಬೈಸಿಕೊಳ್ಳುತ್ತಿದ್ದೆವು.

ಒಲೆ ನೋಡಿಕೊಳ್ಳುತ್ತಿದ್ದವನು ಎಚ್.ಡಿ. ಕೋಟೆ ಕಡೆಯ ಬೋರಣ್ಣ. ಹುಲಿಯನ್ನು ಗದರಿಸಿ ಕಳಿಸಿದವನು, ಸ್ಮಶಾನದಲ್ಲಿ ಮಲಗಿ ಗೊರಕೆ ಹೊಡೆದವನು. ಎಲ್ಲಾ ಅವನೇ ಹೇಳಿದ್ದು. ಅವನ ಒಲೆಯ ಕೆಂಡದಲ್ಲಿ ನಾನೂ ನನ್ನ ತಮ್ಮ ಮಂಜನೂ ಗೆಣಸು, ಮುಸುಕಿನ ಜೋಳ ಸುಟ್ಟುಕೊಂಡು ತಿನ್ನುತ್ತಿದ್ದೆವು. ಸೊಪ್ಪಿನ ಅಂಟು ಕೈಗೆ ಮೆತ್ತಿ ಬಾಯೆಲ್ಲ ಕಹಿಯಾಗುತ್ತಿತ್ತು, ಆದರೆ ಆ ಗೆಣಸಿನ ರುಚಿ ಮತ್ತೆಲ್ಲೂ ಸಿಕ್ಕಿಲ್ಲ.

ಆ ವರ್ಷ ಅಪ್ಪ ಗುರುಪುರದ ಟಿಬೆಟಿಯನ್ ಕ್ಯಾಂಪಿಗೆ ಅಜ್ಜಿಗೆ ಸ್ವೆಟರ್ ತರಲು ಹೋದವನು ನನಗೊಂದು ಗೊಂಬೆ ತಂದಿದ್ದ. ಹಳದಿ ಕೂದಲು, ಗುಂಗುರು ರೆಪ್ಪೆ. ಹೊಟ್ಟೆ ಒತ್ತಿದರೆ ‘ಹಿ ಹಿ ಹಿ’ ಎಂದು ಪುಟ್ಟ ಮಗುವಿನ ಹಾಗೆ ನಗುತ್ತಿತ್ತು. ಮಲಗಿಸಿದರೆ ಕಣ್ಣು ಮುಚ್ಚುತ್ತಿತ್ತು, ಎರಡೂ ಅಲ್ಲ, ಒಂದು ಮಾತ್ರ. ರಾಣಿ ಎಂದು ಹೆಸರಿಟ್ಟು, ಅನ್ನ ತಿನ್ನಿಸಿ, ಜಡೆ ಹೆಣೆದು, ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಿದ್ದೆ. ಆ ಸಿನಿಮಾ ನೋಡುವವರೆಗೂ.

ನನ್ನ ಸಹಪಾಠಿ ಶಾಹಿನಾ ಇದ್ದದ್ದು ಕಂಪಲಾಪುರದಲ್ಲಿ. ಅವಳ ಅಬ್ಬಾ ಸುತ್ತಲ ಊರಿನ ಬ್ಯಾರನ್ನುಗಳಿಗೆಲ್ಲ ತಗಡಿನ ಪೈಪು ಕೂರಿಸುವವರು. ಅವರ ಮನೆಯಲ್ಲಿ ಟೀವಿಯೂ ಇತ್ತು, ಸೀಡಿ ಪ್ಲೇಯರೂ ಇತ್ತು. ಒಂದು ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ನಾವು ಅಲ್ಲಿಗೆ ಹೋದಾಗ ಅವಳ ಮಾಮ ಬಾಡಿಗೆಗೆ ಒಂದು ಸೀಡಿ ತಂದಿಟ್ಟಿದ್ದರು. ಕವರಿನ ಮೇಲೆ ಗೊಂಬೆಯ ಚಿತ್ರ ನೋಡಿ, ಪಾಪ, ಮಕ್ಕಳ ಸಿನಿಮಾ ಎಂದುಕೊಂಡಿದ್ದರು.

“ಗೊಂಬೆ ಪಿಚ್ಚರಂತೆ, ಗಲಾಟೆ ಮಾಡ್ದೆ ನೋಡ್ರವ್ವ” ಎಂದು ಶಾಹಿನಾಳ ಅಮ್ಮ ಒಂದು ತಟ್ಟೆ ಚುರುಮುರಿ ಕೊಟ್ಟು ಹಿತ್ತಿಲಿಗೆ ಹೋದರು.

ಮೊದಲ ಹತ್ತು ನಿಮಿಷ ಕೇಕು, ಬಲೂನು, ಹುಟ್ಟುಹಬ್ಬ. ಆಮೇಲೆ ಗೊಂಬೆ ತಾನಾಗಿಯೇ ಕತ್ತು ತಿರುಗಿಸಿ ಅಡುಗೆಮನೆಯ ಚಾಕು ನೋಡಿತು. ಚುರುಮುರಿ ಹಿಡಿದ ಮಂಜನ ಕೈ ಬಾಯಿಯ ಹತ್ತಿರವೇ ನಿಂತಿತು. ಸಿನಿಮಾ ಇಂಗ್ಲಿಷಿನದು, ನಮ್ಮಲ್ಲಿ ಯಾರಿಗೂ ಇಂಗ್ಲಿಷು ಬಾರದು. ಶಾಹಿನಾ ಮಾತ್ರ ತನಗೆಲ್ಲ ಅರ್ಥವಾಗುತ್ತದೆ ಎಂಬಂತೆ ಕೂತಿದ್ದಳು.

“ಏನಂತೆ ಕಣೇ ಅದು?” ಮಂಜ ಕೇಳಿದ.

“ಯಾರ್ನೂ ಬುಡಾಕಿಲ್ಲ ಅಂತೈತೆ.”

ಗೊಂಬೆ ಇನ್ನೇನೋ ಅಂದಿತು.

“ಈಗ?”

“ಪಿರಿಯಾಪಟ್ಣಕ್ಕೂ ಬತ್ತೀನಿ ಅಂತು.”

ಮಂಜ ಗಾಡ್ರೇಜ್ ಬೀರುವಿನ ಸಂದಿಗೆ ಸೇರಿಕೊಂಡ. ಸಿನಿಮಾದ ಮನೆಯವರು ಆ ಗೊಂಬೆಯನ್ನು ಬಾವಿಗೆಸೆದರು, ಅದು ವಾಪಸ್ಸು ಬಂತು. ಹೂತರು, ಮತ್ತೆ ಬಂತು. ಕೊನೆಗೆ ಒಬ್ಬಾತ ಏನೋ ಉಪಾಯ ಹೊಳೆದವನಂತೆ ಎದ್ದು ನಿಂತ. ಅಷ್ಟರಲ್ಲಿ ಕರೆಂಟು ಹೋಯಿತು. ಸಂಜೆಯವರೆಗೂ ಬರಲಿಲ್ಲ, ಮಾಮ ಸೀಡಿ ವಾಪಸ್ಸು ಕೊಡಲು ತೆಗೆದುಕೊಂಡು ಹೋದರು. ಗೊಂಬೆಯನ್ನು ಸಾಯಿಸುವುದು ಹೇಗೆ ಎಂಬುದು ನಮಗೆ ಗೊತ್ತಾಗಲೇ ಇಲ್ಲ.

ಮನೆಗೆ ಬಂದರೆ ರಾಣಿ ಒಂದು ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಅವಳನ್ನು ಒಯ್ದು ಅಟ್ಟದ ಮೇಲಿನ ಬುಟ್ಟಿಯೊಳಗೆ ಹಾಕಿದೆ. ಬೆಳಿಗ್ಗೆ ಎದ್ದು ನೋಡಿದರೆ ಗೋಡೆಯ ಗೂಡಿನಲ್ಲಿ ಕೂತಿದ್ದಳು! ಹಸುವಿನ ಕೊಟ್ಟಿಗೆಯಲ್ಲಿ ಗೋಣಿಚೀಲದ ಕೆಳಗೆ ಬಚ್ಚಿಟ್ಟೆ. ಮಧ್ಯಾಹ್ನಕ್ಕೆ ಮತ್ತೆ ಗೂಡಿನಲ್ಲಿ, ಈ ಸಲ ಹಣೆಗೆ ಕುಂಕುಮ ಬೇರೆ. ದುಡ್ಡು ಕೊಟ್ಟು ತಂದದ್ದನ್ನು ಈ ಹುಡುಗಿ ಕಂಡಕಂಡಲ್ಲಿ ಎಸೆಯುತ್ತಾಳೆಂದು ಬೇಜಾರಾಗಿ ಅಜ್ಜಿಯೇ ಹುಡುಕಿ ತಂದು ಒರೆಸಿ ಇಡುತ್ತಿದ್ದಳೆಂದು ತಿಳಿದದ್ದು ಎಷ್ಟೋ ದಿನದ ಮೇಲೆ. ಆಗ ನಮಗೆ ಕಂಡದ್ದು ಇಷ್ಟೇ: ಎಲ್ಲಿಗೆ ಹಾಕಿದರೂ ವಾಪಸ್ಸು ಬರುತ್ತಾಳೆ.

ಸ್ಕೂಲಿನ ಹಿಂದೆ ಮೂವರೂ ಸಭೆ ಸೇರಿದೆವು.

“ಕೆರೆಗೆ ಹಾಕಾಣ” ಎಂದ ಮಂಜ.

“ಬಾವಿಗೆ ಹಾಕುದ್ರೂ ಬಂತಲ್ಲ, ಮರ್ತೋಯ್ತೇನ್ಲಾ?” ಎಂದಳು ಶಾಹಿನಾ. “ಬ್ಯಾರನ್ನಿಗೆ ಹಾಕಾಣ. ನಮ್ಮಬ್ಬಾ ಹಾಕಿರೋ ಪೈಪೇ ಕೆಂಪಗಾಗ್ತದೆ, ಇವ್ಳ್ಯಾವ ಲೆಕ್ಕ. ಬಾಗ್ಲೂ ಒಂದ್ವಾರ ತೆಗಿಯಲ್ಲ.”

ಇದಕ್ಕಿಂತ ಭದ್ರವಾದ ಜೈಲು ನಮ್ಮ ತಾಲ್ಲೂಕಿನಲ್ಲೇ ಇರಲಿಲ್ಲ.

ಮುಂದಿನ ಭಾನುವಾರ ಬ್ಯಾರನ್ನು ತುಂಬಿ, ಬಾಗಿಲಿಗೆ ಮಣ್ಣು ಮೆತ್ತಿ, ದೊಡ್ಡವರು ಊಟಕ್ಕೆ ಕೂತರು. ಅಬ್ಬಾ ಜೊತೆ ಬಂದಿದ್ದ ಶಾಹಿನಾ ಕಾವಲು ನಿಂತಳು, ಮಂಜ ಕಿಂಡಿಯ ಹಲಗೆ ಸರಿಸಿದ. ನಾನು ರಾಣಿಗೆ ಹೊಸ ಫ್ರಾಕು ತೊಡಿಸಿದ್ದೆ. ಹೆದರಿಕೆಯ ಜೊತೆಗೆ ಸಂಕಟವೂ ಆಗಿ ಅಳು ಬಂತು. “ತಪ್ಪಾಯ್ತು ಕಣೇ, ನೀನು ಮಾತ್ರ ವಾಪಸ್ ಬರ್ಬೇಡ” ಎಂದು ಕೋಲಿನಿಂದ ತಳ್ಳುತ್ತಾ ಪೈಪಿನ ಹಿಂದಿನ ಮೂಲೆಗೆ ಸೇರಿಸಿದೆ. ಹಲಗೆ ಮುಚ್ಚಿದೆವು. ಎರಡು ದಿನ ರಾಣಿ ಬರಲಿಲ್ಲ, ನಾವು ಹೊಟ್ಟೆ ತುಂಬಾ ಉಂಡೆವು.

ಮೂರನೆಯ ದಿನ ಹಬ್ಬದ ರಜೆ, ಶಾಹಿನಾ ಒಬ್ಬಟ್ಟಿಗೆಂದು ಬಂದಿದ್ದಳು. ಹಬ್ಬವೆಂದು ಎಲೆ ಕಾಯುತ್ತದೆಯೇ, ಮುಂದಿನ ಸಲ ಬ್ಯಾರನ್ನು ತುಂಬಲು ಎಲೆ ಮುರಿಯಲೆಂದು ಹತ್ತಾರು ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬಂದಿದ್ದರು. ಮಕ್ಕಳು ಹೊಲದ ತುಂಬಾ ಚೆಲ್ಲಾಪಿಲ್ಲಿಯಾಗಿ ಆಡುತ್ತಿದ್ದರು. ಅವತ್ತೇ ಬಣ್ಣ ಹಿಡಿಯುವ ದಿನ. ಹಸಿ ಗಾಳಿ ಹೊರಗೆ ಹೋಗಲೆಂದು ಬೆಳಿಗ್ಗೆಯೇ ಬೋರಣ್ಣ ಕಿಂಡಿಗಳ ಹಲಗೆ ಸರಿಸಿದ್ದ. ಬಿಸಿಲೇರುವ ಹೊತ್ತಿಗೆ ಅವನು ಒಲೆಗೆ ಕೊರಡು ನೂಕುತ್ತಿದ್ದಾಗ ಬ್ಯಾರನ್ನಿನೊಳಗಿಂದ ಕೇಳಿಸಿತು. ಹಿ ಹಿ ಹಿ.

ಕಾವಿಗೆ ಅವಳ ಹೊಟ್ಟೆಯೊಳಗಿನ ತಗಡು ಹಿಗ್ಗಿ ತಾನಾಗಿಯೇ ಒತ್ತಿಕೊಂಡಿರಬೇಕು. ಅದೆಲ್ಲ ಈಗಿನ ಬುದ್ಧಿವಂತಿಕೆ. ಆಗ ಹುಲಿ ಗದರಿಸಿದ ಬೋರಣ್ಣ ಕೊರಡು ಬಿಸಾಡಿ ಹೊಲದ ಆಚೆ ತುದಿಗೆ ಓಡುತ್ತಾ ಕೂಗಿಕೊಂಡ: “ಗೌಡ್ರೇ! ಬ್ಯಾರನ್ನಲ್ಲಿ ಮಗ ನಗ್ತಾ ಐತೆ!”

ಅಪ್ಪ ಗೋಡೆಗೆ ಕಿವಿಕೊಟ್ಟ. ಹಿ ಹಿ ಹಿ. ಕಿಂಡಿ ತೆರೆದೇ ಇತ್ತಲ್ಲ, ಯಾವುದೋ ಕೂಸು ಆಟಕ್ಕೆ ತೂರಿ ಒಳಗೆ ಸಿಕ್ಕಿಕೊಂಡಿದೆ ಎಂದೇ ಎಲ್ಲರೂ ತಿಳಿದರು. ಹೆಂಗಸರು ಎಲೆ ಎಸೆದು ಮಕ್ಕಳ ಹೆಸರು ಕೂಗುತ್ತಾ ಓಡಿಬಂದರು. ಬಗ್ಗಿ ನೋಡಿದರೆ ಪೈಪು, ಕತ್ತಲೆ, ಬಿಸಿ ಗಾಳಿ ಬಿಟ್ಟು ಬೇರೇನೂ ಕಾಣದು.

“ಸಾಯ್ಲಿಲ್ಲ ಕಣೇ ಅವ್ಳು” ಎಂದು ಶಾಹಿನಾ ನನ್ನ ತೋಳು ಹಿಡಿದುಕೊಂಡಳು. ಅವಳ ಉಗುರು ನಾಟಿತು. ಮಂಜ ಆಗಲೇ ಹುಣಸೆಮರ ಹತ್ತಿದ್ದ.

ಅಪ್ಪ ಹಾರೆ ಎತ್ತಿಕೊಂಡ. ಹೇಳಿದರೆ ಏಟು, ಹೇಳದಿದ್ದರೆ ಬಾಗಿಲು ತೆಗೆಯುತ್ತಾನೆ, ಎಲೆಯೆಲ್ಲ ಹೋಗುತ್ತದೆ. ನಾನು ಹೋಗಿ ಅವನ ಲುಂಗಿ ಹಿಡಿದು ಜಗ್ಗಿದೆ.

“ಅಪ್ಪಾ, ಅದು ಮಗು ಅಲ್ಲ. ನನ್ ಗೊಂಬೆ. ನಾನೇ ಒಳಕ್ಕೆ ಹಾಕಿದ್ದು.”

ಅಪ್ಪ ನನ್ನ ಕಡೆ ನೋಡಿದ. “ದಿಟವಾ ಸುಮಿ?”

“ಅಮ್ಮನಾಣೆ ಅಪ್ಪ.”

ಒಂದು ಗಳಿಗೆ ಅವನು ಥರ್ಮಾಮೀಟರಿನ ಗಾಜಿನ ಕಡೆ ನೋಡಿದ. ಒಳಗೆ ಇನ್ನೊಮ್ಮೆ ನಗು ಕೇಳಿಸಿತು. ಅಪ್ಪ ಹಾರೆ ಬೀಸಿ ಬಾಗಿಲಿನ ಮಣ್ಣು ಒಡೆದ.

ಅಜ್ಜಿ ಬೇಡವೆನ್ನಬಹುದಿತ್ತು, ಅವಳ ಮಾತನ್ನು ಅಪ್ಪ ಮೀರುತ್ತಿರಲಿಲ್ಲ. ಅವಳು ನೀರಲ್ಲಿ ಅದ್ದಿದ ಗೋಣಿಚೀಲ ತಂದು ಅಪ್ಪನ ತಲೆಗೆ ಹೊದಿಸಿ, “ಬಿರ್ನೆ ಓಗು ಮಗಾ” ಎಂದಳು. ಬಾಗಿಲಿನಿಂದ ಬಂದ ಕಾವಿಗೆ ನಾವೆಲ್ಲ ಹಿಂದೆ ಸರಿದೆವು. ಅಪ್ಪ ಮಂಡಿಯೂರಿ ಒಳಗೆ ತೆವಳಿದ.

ಹೊರಗೆ ಬಂದಾಗ ಅವನ ಕೈಯಲ್ಲಿ ರಾಣಿ ಇದ್ದಳು. ಕೂದಲು ಸುರುಟಿಕೊಂಡು ಒಂದು ಕಡೆಗೆ ಅಂಟಿತ್ತು, ಕೆನ್ನೆ ಜೋತುಬಿದ್ದಿತ್ತು, ಎರಡೂ ಕಣ್ಣು ಪೂರ್ತಿ ತೆರೆದಿದ್ದವು. ಎಲ್ಲರ ಮುಖ ನೋಡಿ ‘ಹಿ ಹಿ ಹಿ’ ಎಂದಳು.

ಮೊದಲು ನಕ್ಕವಳು ಅಜ್ಜಿ. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾರದೆ ನೆಲಕ್ಕೆ ಕುಸಿದು ಕೂತು ನಕ್ಕಳು. ಆಮೇಲೆ ಹೆಂಗಸರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು, ಕಣ್ಣೊರೆಸಿಕೊಳ್ಳುತ್ತಾ, ಸಿಕ್ಕ ಮಕ್ಕಳನ್ನು ಎಳೆದು ತಬ್ಬಿಕೊಳ್ಳುತ್ತಾ ನಕ್ಕರು. ಮೈಯೆಲ್ಲ ಬೆವರಾಗಿ ನಿಂತ ಅಪ್ಪನೂ ನಕ್ಕುಬಿಟ್ಟ. ಸೆಲ್ಲು ಕೀಳುವವರೆಗೂ ರಾಣಿ ನಗು ನಿಲ್ಲಿಸಲಿಲ್ಲ. ಅವಳು ನಕ್ಕಷ್ಟೂ ನಾವು ನಕ್ಕೆವು.

“ನಂಗೆ ಮೊದ್ಲೇ ಗೊತ್ತಿತ್ತು ಗೊಂಬೆ ಅಂತ. ಸೌದೆ ತರಕ್ಕೋದೆ ಅಷ್ಟೇಯ” ಎಂದು ಬೋರಣ್ಣ ಬರಿಗೈಯಲ್ಲಿ ವಾಪಸ್ಸು ಬಂದ.

ಆ ಸಲದ ಎಲೆ ಅರ್ಧಕ್ಕರ್ಧ ಕಂದಾಯಿತು. ವಿಂಗಡಿಸುವಾಗ ಅಜ್ಜಿ ಅದನ್ನು ಬೇರೆ ಕಟ್ಟಿಟ್ಟು “ಇದು ನಮ್ಮ ಸುಮಿಯ ನಗೆಸೊಪ್ಪು” ಎಂದು ಬಂದವರಿಗೆಲ್ಲ ತೋರಿಸುತ್ತಿದ್ದಳು. ನಾನು ಮೂರು ದಿನ ಏಟಿಗೆ ಕಾದೆ. ನಾಲ್ಕನೆಯ ದಿನ ಅಪ್ಪ ಕರೆದು, “ಇನ್ಮೇಕೆ ಗೊಂಬೆ ಸಾಯ್ಸಬೇಕಾದ್ರೆ ನಂಗೆ ಯೋಳವ್ವ, ಸೆಲ್ಲು ತೆಗ್ದುಕೊಡ್ತೀನಿ” ಎಂದ. ಅಷ್ಟೇ.

ಈಗ ಹುಣಸೂರಿನ ನಮ್ಮ ಮನೆಯಲ್ಲಿ ನನ್ನ ಮಗಳು ಅಂಥವೇ ಸಿನಿಮಾಗಳನ್ನು ಮೊಬೈಲಿನಲ್ಲಿ ನೋಡುತ್ತಾಳೆ. ಕಿವಿಗೆ ಇಯರ್‌ಫೋನು, ಒಬ್ಬಳೇ. ಗೊಂಬೆ ಚಾಕು ಎತ್ತಿದಾಗ ನಿಲ್ಲಿಸಿ ನೀರು ಕುಡಿದು ಬಂದು ಮತ್ತೆ ನೋಡುತ್ತಾಳೆ. “ಗ್ರಾಫಿಕ್ಸ್ ಅಮ್ಮ” ಎನ್ನುತ್ತಾಳೆ. ಪಕ್ಕದವಳ ತೋಳಿಗೆ ಉಗುರು ನಾಟಿಸಿ ಹೆದರುವ ಸುಖ ಅವಳಿಗೆ ಗೊತ್ತಿಲ್ಲ, ಅದಕ್ಕೆ ನನಗೆ ನಿಜವಾಗಿಯೂ ಬೇಜಾರಿದೆ.

ಈಚೆಗೆ ಊರಿಗೆ ಹೋದಾಗ ಈ ಕಥೆಯನ್ನು ಅವಳಿಗೆ ಹೇಳುತ್ತಾ ಅಪ್ಪನನ್ನು ಕೇಳಿದೆ. “ಗೊಂಬೆ ಅಂತ ನಾನು ಆಣೆ ಮಾಡಿದ್ದೆ. ನಂಬ್ಲಿಲ್ವೇನಪ್ಪ?”

“ನಂಬ್ದೆ ಕಣವ್ವ. ನೀನು ಆಣೆ ಇಟ್ಟು ಸುಳ್ಳು ಯೋಳೋಳಲ್ಲ.”

“ಮತ್ತೆ ಬಾಗ್ಲು ಯಾಕೆ ತೆಗ್ದೆ?”

ಇದೆಂಥ ಪ್ರಶ್ನೆ ಎಂಬಂತೆ ಅಪ್ಪ ನನ್ನ ಮುಖ ನೋಡಿದ. “ಒಳಗೆ ಮಗ ನಕ್ಕಂಗೆ ಕೇಳ್ತಿತ್ತಲ್ಲವ್ವ.”

ಹೋದ ತಿಂಗಳು ನಮ್ಮ ಬೀದಿಯಲ್ಲಿ, ಬಾಗಿಲು ಹಾಕಿದ ಒಂದು ಮನೆಯೊಳಗೆ ಮಗುವೊಂದು ಒಂದೇ ಸಮನೆ ಅಳುವುದು ಕೇಳಿಸಿತು. ನಾನು ಗೇಟಿನವರೆಗೂ ಹೋದೆ. ಅಲ್ಲೇ ನಿಂತು ಬೀದಿಯ ವಾಟ್ಸಾಪ್ ಗ್ರೂಪಿಗೆ ‘ಅದು ಯಾರ ಮನೆ ಮಗು?’ ಎಂದು ಬರೆದೆ. ಸ್ನಾನಕ್ಕೆ ಹಟ ಮಾಡುತ್ತಿದೆಯಂತೆ ಎಂದು ಯಾರೋ ಉತ್ತರಿಸಿದರು. ಸಮಾಧಾನವಾಗಿ ಒಳಗೆ ಬಂದು ಕೂತ ಮೇಲೆ ಹೊಳೆಯಿತು: ಅವತ್ತು ಬ್ಯಾರನ್ನಿನ ಬಾಗಿಲು ಒಡೆಯುವ ಮುಂಚೆ, ಅದು ಯಾರ ಮಗು ಎಂದು ಅಪ್ಪ ಒಬ್ಬರನ್ನೂ ಕೇಳಿರಲಿಲ್ಲ.