ಮಧ್ಯಾಹ್ನದ ಜೋಳಿಗೆ

ಗಾಣಗಾಪುರದಲ್ಲಿ ನನ್ನ ಎದುರು ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ನಿಜಾಮರ ಕಾಲದ ಪ್ಲೇಗಿನಲ್ಲಿ ಗಂಡ, ಮಗ ಇಬ್ಬರನ್ನೂ ಕಳಕೊಂಡು ಹಿರೋಳ್ಳಿಯಿಂದ ಬಂದವಳು. ದತ್ತಾತ್ರೇಯ ಮಧ್ಯಾಹ್ನ ಯಾವುದಾದರೂ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂದು ನಂಬಿದ ಊರು ನಮ್ಮದು. ಆ ಹೊತ್ತಿನ ಜೋಳಿಗೆಯನ್ನು ಯಾರೂ ಬರಿದೇ ಕಳಿಸುವುದಿಲ್ಲ. ಅವಳು ಒಂದು ರೊಟ್ಟಿ ಎತ್ತಿಟ್ಟು, ಬಾಗಿಲು ಮುಚ್ಚುವ ಮೊದಲು ಓಣಿಯ ಎರಡೂ ಕಡೆ ನೋಡಿ, "ಅಂವ ಬರ್ತಾನ" ಅನ್ನುತ್ತಿದ್ದಳು.

ನನ್ನ ಹೆಂಡತಿ ಕಾಲರಾದಲ್ಲಿ ತೀರಿಕೊಂಡಾಗ, ಸೂತಕ ಕಳೆದರೂ ನಾನು ಒಲೆ ಹಚ್ಚಲಿಲ್ಲ. ಮುದುಕಿ ತಂದ ಊಟವನ್ನೂ ಒಲ್ಲೆ ಅಂದೆ. ಮರುದಿನ ಮಧ್ಯಾಹ್ನ ಅವಳೇ ಹೆಗಲಿಗೆ ಜೋಳಿಗೆ ಹಾಕಿಕೊಂಡು ನನ್ನ ಬಾಗಿಲಲ್ಲಿ ನಿಂತಳು.

"ಭಿಕ್ಷಾ ನೀಡ್ರಿ, ಮಾಸ್ತರ."

"ಮನ್ಯಾಗ ಏನೂ ಇಲ್ಲ ಬೇ, ಯವ್ವಾ."

"ಹಿಟ್ಟ ಐತಿ. ನಿಮ್ಮಾಕಿ ಬೀಸಿಟ್ಟಿದ್ದು ನಾ ನೋಡೇನಿ. ನಿಂತಿರ್ತೇನಿ, ಮಾಡ್ರಿ."

ಬಿಸಿಲಿನಲ್ಲಿ ನಿಂತೇ ಇದ್ದಳು. ಒಲೆ ಹಚ್ಚಿ, ಆ ಹಿಟ್ಟು ಕಲಸಿ ರೊಟ್ಟಿ ಬಡಿದು ಅವಳಿಗೆ ನೀಡಿದೆ.

"ರೊಟ್ಟಿ ಮಾಡ್ರಿ ಅಂದ್ರ ನಕ್ಷಾ ಬರದೀರಲ್ರಿ!" ಎಂದು ಅದನ್ನು ಮುರಿದು, ಅರ್ಧ ನನ್ನ ಕೈಗಿಟ್ಟಳು. "ಈಗ ಇದು ಪ್ರಸಾದ. ಒಲ್ಲೆ ಅನಬ್ಯಾಡ್ರಿ."

ಅಳುತ್ತಲೇ ತಿಂದೆ.

ಈಗ ಅವಳಿಲ್ಲ. ನಾನು ದಿನಾ ಒಂದು ರೊಟ್ಟಿ ಎತ್ತಿಡುತ್ತೇನೆ. ಬಾಗಿಲು ಮುಚ್ಚುವ ಮೊದಲು ಓಣಿಯ ಎರಡೂ ಕಡೆ ನೋಡುತ್ತೇನೆ. ಅವನು ಒಮ್ಮೆ ಬಂದುಹೋದ ಬಾಗಿಲು ಇದು.